ಚಿಪ್ಪಿನಲ್ಲಿ ಅಡಗಿದ್ದ ಉಷ್ಣಮಾಪಕ: ಹೆರಾಲ್ಡ್ ಯೂರಿ

ಮಾನವನು ಹುಟ್ಟುವುದಕ್ಕೆ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ನೀರು ಎಷ್ಟು ಬೆಚ್ಚಗಿತ್ತು? ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹೇಳುವ ಉಪಾಯವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಯಾರಿಗೂ ತಿಳಿದಿರಲಿಲ್ಲ. ಆ ಉಪಾಯವನ್ನು ಕಾಣಿಸಿಕೊಟ್ಟವರು ಒಬ್ಬ ಹಳ್ಳಿಶಾಲೆಯ ಮಾಜಿ ಉಪಾಧ್ಯಾಯರು, ಹೆರಾಲ್ಡ್ ಕ್ಲೇಟನ್ ಯೂರಿ.

ಯೂರಿಯವರು 1893ರ ಏಪ್ರಿಲ್ 29ರಂದು ಅಮೆರಿಕದ ಇಂಡಿಯಾನಾ ಸಂಸ್ಥಾನದ ವಾಕರ್ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರೂ ಧರ್ಮೋಪದೇಶಕರೂ ಆಗಿದ್ದರು. ಬಾಲಕನಿಗೆ ಆರು ವರ್ಷವಾದಾಗ ಅವರು ತೀರಿಕೊಂಡರು. ಪ್ರೌಢಶಾಲೆ ಮುಗಿದ ಮೇಲೆ ಯೂರಿಯವರು ಇಂಡಿಯಾನಾ ಮತ್ತು ಮೊಂಟಾನಾಗಳ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿ, ಅನಂತರ 1914ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅಭ್ಯಸಿಸಿದ್ದು ಪ್ರಾಣಿಶಾಸ್ತ್ರ. ಮುಂದೆ ರಸಾಯನಶಾಸ್ತ್ರಕ್ಕೆ ಹೊರಳಿ, 1923ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಒಂದು ವರ್ಷ ಕಳೆದರು. 1929ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕರಾದರು.

ಒಂದೇ ಮೂಲವಸ್ತುವಿನ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಗುಣದಲ್ಲಿ ಒಡಹುಟ್ಟಿದವರಂತಿದ್ದು ತೂಕದಲ್ಲಿ ಮಾತ್ರ ಭಿನ್ನವಾದ ಇವುಗಳಿಗೆ ಸಮಸ್ಥಾನಿಗಳೆಂದು ಹೆಸರು. ಬ್ರಿಕ್‌ವೆಡ್ ಮತ್ತು ಮರ್ಫಿ ಎಂಬ ಸಹೋದ್ಯೋಗಿಗಳೊಡನೆ ಯೂರಿಯವರು 1931ರ ಕೊನೆಯಲ್ಲಿ ಜಲಜನಕದ ಭಾರವಾದ ಸಮಸ್ಥಾನಿಯನ್ನು ಕಂಡುಹಿಡಿದರು. 1934ರ ನೊಬೆಲ್ ಪಾರಿತೋಷಕವು ಅವರನ್ನು ಅರಸಿ ಬಂದಿತು. ಮಡದಿಯ ಹೆರಿಗೆ ಸಮೀಪಿಸಿದ್ದುದರಿಂದ ಅವರು ಸಮಾರಂಭಕ್ಕೆ ಹೋಗದೆ ಮನೆಯಲ್ಲಿಯೇ ಉಳಿದರು.

ಎರಡನೆಯ ಮಹಾಯುದ್ಧ ಬಂದಾಗ ಈ ಜ್ಞಾನವು ಬೇರೊಂದು ಕಾರ್ಯಕ್ಕೆ ಬೇಕಾಯಿತು. ಯುರೇನಿಯಂನ ಹಗುರ ಸಮಸ್ಥಾನಿಯನ್ನು ಬೇರ್ಪಡಿಸುವ ಕೊಲಂಬಿಯಾದ ಸಂಶೋಧನೆಗೆ ಯೂರಿಯವರೇ ನಿರ್ದೇಶಕರಾದರು. 1945ರ ಆಗಸ್ಟಿನಲ್ಲಿ ಹಿರೋಶಿಮಾ ಭಸ್ಮವಾಯಿತು. ಯುದ್ಧಾನಂತರ ಅವರು ಅಣ್ವಸ್ತ್ರಗಳ ವಿರುದ್ಧ ಊರೂರುಗಳಲ್ಲಿ ಭಾಷಣ ಮಾಡಿದರು. ಪರಮಾಣುಶಕ್ತಿಯು ಸೈನ್ಯದ ಕೈಯಲ್ಲಿರಬಾರದೆಂದು ವಾದಿಸಿದರು.

ಶಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಅವರು 1946ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಉಪನ್ಯಾಸ ಮಾಡುತ್ತಿದ್ದಾಗ, ಪಾಲ್ ನಿಗ್ಲಿ ಎಂಬ ಖನಿಜವಿಜ್ಞಾನಿ ಒಂದು ಪ್ರಶ್ನೆ ಹಾಕಿದರು. ಸುಣ್ಣಕಲ್ಲು ಸಿಹಿನೀರಿನಲ್ಲಿ ಉಂಟಾದುದೋ ಸಮುದ್ರದಲ್ಲಿ ಉಂಟಾದುದೋ ಎಂಬುದನ್ನು ಸಮಸ್ಥಾನಿಗಳಿಂದ ತಿಳಿಯಬಹುದೆ? ಯೂರಿಯವರು ಊರಿಗೆ ಮರಳಿ ಲೆಕ್ಕ ಹಾಕಿದರು. ಕೇಳಿದುದಕ್ಕಿಂತ ದೊಡ್ಡ ಉತ್ತರವೇ ಅಲ್ಲಿತ್ತು.

ಆಮ್ಲಜನಕದ ಪರಮಾಣುಗಳಲ್ಲಿ ಬಹುಪಾಲಿನ ತೂಕ 16. ಸುಮಾರು ಐನೂರರಲ್ಲಿ ಒಂದರ ತೂಕ 18. ಸಮುದ್ರಜೀವಿಯು ಚಿಪ್ಪನ್ನು ಕಟ್ಟಿಕೊಳ್ಳುವಾಗ, ನೀರು ತಣ್ಣಗಿದ್ದಷ್ಟೂ ಭಾರದ ಪರಮಾಣುಗಳು ಚಿಪ್ಪಿನಲ್ಲಿ ತುಸು ಹೆಚ್ಚಾಗಿ ಸೇರುತ್ತವೆ. ಜೀವಿ ಸತ್ತರೂ ಆ ಪ್ರಮಾಣ ಕಲ್ಲಿನಲ್ಲಿ ಉಳಿಯಬಲ್ಲದು. ಆದರೆ ಒಂದು ಡಿಗ್ರಿಗೆ ಆಗುವ ವ್ಯತ್ಯಾಸ ಹತ್ತು ಸಾವಿರದಲ್ಲಿ ಎರಡು ಪಾಲು ಮಾತ್ರ. ಅಷ್ಟು ಸೂಕ್ಷ್ಮವಾಗಿ ಅಳೆಯುವ ಯಂತ್ರ ಆಗ ಇರಲಿಲ್ಲ. ಎಪ್‌ಸ್ಟೀನ್, ಮೆಕಿನ್ನಿ, ಮೆಕ್‌ಕ್ರೀ, ಲೋವೆನ್‌ಸ್ಟಾಮ್ ಮೊದಲಾದವರು ಕೂಡಿ ದುಡಿದು, ಆಲ್‌ಫ್ರೆಡ್ ನೀರ್ ಅವರ ತೂಕಮಾಪಕ ಯಂತ್ರವನ್ನು ತಿದ್ದಿದರು. ಚಿಪ್ಪಿನ ಪುಡಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಕರಗಿಸಿ, ಹೊರಡುವ ಅನಿಲವನ್ನು ಅಳೆಯುವ ಕ್ರಮವನ್ನು ನೆಲೆಗೊಳಿಸಿದರು. ಯುದ್ಧಕಾಲದಲ್ಲಿ ಜಪಾನಿ ಮೂಲದವರೆಂಬ ಕಾರಣಕ್ಕೆ ಶಿಬಿರದಲ್ಲಿ ಕೂಡಿಹಾಕಲ್ಪಟ್ಟಿದ್ದ ತೊಶಿಕೊ ಮಾಯೆಡಾ ಎಂಬ ಮಹಿಳೆಯೂ ಈ ಪ್ರಯೋಗಾಲಯಕ್ಕೆ ಬಂದು, ಮುಂದೆ ಹೆಸರಾಂತ ಸಂಶೋಧಕರಾದರು.

1951ರಲ್ಲಿ ಫಲ ಪ್ರಕಟವಾಯಿತು. ಸ್ಕಾಟ್‌ಲೆಂಡಿನ ಸ್ಕೈ ದ್ವೀಪದಲ್ಲಿ ದೊರೆತ, ಸುಮಾರು ಹದಿನೈದು ಕೋಟಿ ವರ್ಷ ಹಳೆಯ ಬೆಲೆಮ್ನೈಟ್ ಎಂಬ ಕಣವೆಮೀನಿನ ಜಾತಿಯ ಜೀವಿಯ ಅವಶೇಷವನ್ನು ಪದರಪದರವಾಗಿ ಕೆರೆದು ಪರೀಕ್ಷಿಸಲಾಗಿತ್ತು. ಅದು ಮೂರು ಬೇಸಿಗೆ, ನಾಲ್ಕು ಚಳಿಗಾಲಗಳನ್ನು ಕಂಡು ವಸಂತದಲ್ಲಿ ಸತ್ತಿತೆಂದೂ ಋತುಗಳ ನಡುವೆ ಆರು ಡಿಗ್ರಿಗಳಷ್ಟು ಅಂತರವಿತ್ತೆಂದೂ ತಿಳಿಯಿತು. ಹೆಸರಿಲ್ಲದ ಒಂದು ಜೀವಿಯ ಆಯುಷ್ಯವನ್ನು ಮನುಷ್ಯನು ಹೀಗೆ ಓದಿದ್ದು ಅದೇ ಮೊದಲು.

ಪ್ರಾಚೀನ ಸಮುದ್ರಜಲದಲ್ಲಿಯೇ ಭಾರ ಆಮ್ಲಜನಕದ ಪ್ರಮಾಣ ಬೇರೆಯಾಗಿದ್ದರೆ ಲೆಕ್ಕ ತಪ್ಪುವುದೆಂಬ ಸಂದೇಹ ಆರಂಭದಿಂದಲೂ ಇತ್ತು. ಶಿಷ್ಯವರ್ಗದ ಎಮಿಲಿಯಾನಿಯವರು 1955ರಲ್ಲಿ ಸಾಗರತಳದ ಸೂಕ್ಷ್ಮಚಿಪ್ಪುಗಳಿಂದ ಹಿಮಯುಗಗಳ ಏರಿಳಿತವನ್ನು ತೋರಿಸಿದರು. ಹಗುರವಾದ ನೀರು ಹಿಮಗಡ್ಡೆಗಳಲ್ಲಿ ಸೆರೆಯಾದಾಗ ಸಮುದ್ರ ಭಾರವಾಗುವುದರಿಂದ, ಆ ಏರಿಳಿತದಲ್ಲಿ ಹೆಚ್ಚಿನ ಪಾಲು ಉಷ್ಣತೆಯದಲ್ಲ, ಹಿಮರಾಶಿಯದೆಂದು ಇಂಗ್ಲೆಂಡಿನ ಶ್ಯಾಕಲ್‌ಟನ್ 1967ರಲ್ಲಿ ತಿದ್ದಿದರು. ಈ ತಿದ್ದುಪಡಿಯಿಂದ ವಿದ್ಯೆ ಕುಗ್ಗಲಿಲ್ಲ. ಹಿಮಯುಗಗಳ ಹಿಮವನ್ನೇ ಅಳೆಯುವ ಹೊಸ ದಾರಿ ತೆರೆಯಿತು. ಡೆನ್ಮಾರ್ಕಿನ ಡಾನ್ಸ್‌ಗಾರ್ಡ್ ಗ್ರೀನ್‌ಲ್ಯಾಂಡಿನ ಹಿಮಸ್ತರಗಳಿಗೆ ಸಮಸ್ಥಾನಿಗಳ ವಿಧಾನವನ್ನು ಅನ್ವಯಿಸಿದರು. ಅಂಟಾರ್ಕ್ಟಿಕದ ಹಿಮದಿಂದ ಎಂಟು ಲಕ್ಷ ವರ್ಷಗಳ ಹವೆಯ ಚರಿತ್ರೆ ಇಂದು ನಮಗೆ ಲಭಿಸಿದೆ.

ಕೀರ್ತಿಯ ವಿಷಯದಲ್ಲಿ ಯೂರಿಯವರು ಉದಾರಿಗಳು. ಜೀವೋತ್ಪತ್ತಿಯನ್ನು ಕುರಿತ 1953ರ ಸುಪ್ರಸಿದ್ಧ ಪ್ರಯೋಗವು ಅವರ ಪ್ರಯೋಗಾಲಯದಲ್ಲಿಯೇ ನಡೆದರೂ, ಶಿಷ್ಯ ಸ್ಟ್ಯಾನ್ಲಿ ಮಿಲ್ಲರನಿಗೆ ಸಲ್ಲಬೇಕಾದ ಹೆಸರು ತಮಗೆ ಬಂದೀತೆಂದು, ಲೇಖನದಿಂದ ತಮ್ಮ ಹೆಸರನ್ನು ತೆಗೆಸಿದರು. 1958ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾಕ್ಕೆ ತೆರಳಿ, ಇಳಿವಯಸ್ಸಿನಲ್ಲಿಯೂ ಚಂದ್ರನ ಶಿಲೆಗಳ ಅಧ್ಯಯನದಲ್ಲಿ ತೊಡಗಿದ್ದರು. 1981ರ ಜನವರಿ 5ರಂದು, 87ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಪರಮಾಣುಗಳ ತೂಕದ ಕಿಂಚಿತ್ ಭೇದವನ್ನರಿತ ವಿದ್ಯೆ ಒಮ್ಮೆ ನಗರವನ್ನು ಸುಡಲು ನೆರವಾಯಿತು; ಮತ್ತೊಮ್ಮೆ ಭೂಮಿಯ ಮರೆತ ಋತುಗಳನ್ನು ಮರಳಿ ತಂದಿತು. ವಿದ್ಯೆ ಅದೇ, ವಿದ್ವಾಂಸರೂ ಅವರೇ. ಬೇರೆಯಾಗಿದ್ದುದು ಅದರ ಮುಂದೆ ಇಟ್ಟ ಪ್ರಶ್ನೆ. ಪಾಠಶಾಲೆಯಲ್ಲಿ ಮಕ್ಕಳಿಗೆ ಉತ್ತರಗಳೊಡನೆ ಒಳ್ಳೆಯ ಪ್ರಶ್ನೆಗಳನ್ನೂ ಕಲಿಸಬೇಕೆಂಬುದಕ್ಕೆ ಈ ಮಹನೀಯರ ಜೀವನವೇ ಸಾಕ್ಷಿ.