ಕಿವಿಯೊಳಗೆ ಇಣುಕಿದ ಡಾಕ್ಟರು: ಸರ್ ವಿಲಿಯಂ ವೈಲ್ಡ್

ಮಕ್ಕಳೇ, ಡಬ್ಲಿನ್ನಿನ ಮೆರಿಯನ್ ಸ್ಕ್ವೇರ್ ಪಾರ್ಕಿನಲ್ಲಿ ದೊಡ್ಡ ಬಂಡೆಯ ಮೇಲೆ ಹಸಿರು ಕೋಟು ಹಾಕಿಕೊಂಡು ಒರಗಿರುವ ಒಬ್ಬರ ಪ್ರತಿಮೆ ಇದೆ. ನೀವು ನೋಡಿರ್ತೀರಿ. ಅವರು ಆಸ್ಕರ್ ವೈಲ್ಡ್, ಸ್ವಾರ್ಥಿ ದೈತ್ಯನ ಕಥೆ ಬರೆದವರು. ಪಾರ್ಕಿನ ಎದುರಿಗೇ ಒಂದನೇ ನಂಬರಿನ ಮನೆ. ಅದರ ಗೋಡೆಯ ಮೇಲಿನ ಒಂದು ಫಲಕದಲ್ಲಿ ಅವರ ತಂದೆ ಸರ್ ವಿಲಿಯಂ ವೈಲ್ಡ್ ಅವರ ಹೆಸರಿದೆ. ಮಗನ ಹೆಸರು ಲೋಕಕ್ಕೆಲ್ಲ ಗೊತ್ತು. ತಂದೆಯ ಹೆಸರನ್ನು ಇವತ್ತಿಗೂ ಕಿವಿ ಡಾಕ್ಟರುಗಳು ಮರೆತಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

ಮೊದಲು ಕಿವಿಯ ವಿಷಯ. ಕಿವಿಯ ತೂತಿನ ಒಳಗಡೆ, ಕೊನೆಯಲ್ಲಿ, ಒಂದು ತೆಳ್ಳನೆಯ ಪೊರೆ ಇದೆ. ಅದೇ ಕಿವಿ ತಮಟೆ. ಅಗಲ ಸುಮಾರು 1 ಸೆಂಟಿಮೀಟರ್, ದಪ್ಪ ಸುಮಾರು 0.1 ಮಿಲಿಮೀಟರ್, ಅಷ್ಟೇ. ಊರ ಜಾತ್ರೆಯಲ್ಲಿ ತಮಟೆ ಬಡಿದಾಗ ಅದರ ಚರ್ಮ ನಡುಗುತ್ತಲ್ವಾ, ಹಾಗೆಯೇ ಶಬ್ದ ಬಂದು ಬಡಿದಾಗ ಈ ಪೊರೆಯೂ ನಡುಗುತ್ತೆ. ಅದರ ಹಿಂದಿರುವ ಮೂರು ಪುಟಾಣಿ ಮೂಳೆಗಳು ಆ ನಡುಕವನ್ನು ಒಳಕಿವಿಗೆ ದಾಟಿಸುತ್ತವೆ. ಸೋಂಕಿನಿಂದಲೋ ಪೆಟ್ಟಿನಿಂದಲೋ ತಮಟೆ ತೂತಾದರೆ ಕೇಳಿಸೋದು ಕಡಿಮೆಯಾಗುತ್ತೆ. ಒಳಗೆ ಸೋಂಕು ಉಳಿದರೆ ಕೀವು ಬರುತ್ತೆ. ಇದಕ್ಕೇ ನಮ್ಮ ಕಡೆ ಕಿವಿ ಸೋರೋದು ಅಂತಾರೆ.

ವಿಲಿಯಂ ಹುಟ್ಟಿದ್ದು 1815ರಲ್ಲಿ, ರಾಸ್‌ಕಾಮನ್ ಕೌಂಟಿಯ ಕ್ಯಾಸಲ್‌ರೇ ಊರಿನ ಹತ್ತಿರ. ಅವರ ತಂದೆಯೂ ಡಾಕ್ಟರೇ. ವಿಲಿಯಂ ಡಬ್ಲಿನ್ನಿನಲ್ಲಿ ಓದಿ 1837ರಲ್ಲಿ ಸರ್ಜನ್ ಆದರು. ಆಮೇಲೆ ಒಬ್ಬ ರೋಗಿಯ ಜೊತೆ ಹಡಗು ಹತ್ತಿ ಈಜಿಪ್ಟಿನವರೆಗೂ ಹೋಗಿಬಂದರು. ಆ ಪ್ರವಾಸದ ಬಗ್ಗೆ ಪುಸ್ತಕ ಬರೆದರು. ನಂತರ ಲಂಡನ್, ವಿಯೆನ್ನಾಗಳಿಗೆ ಹೋಗಿ ಕಣ್ಣು ಮತ್ತು ಕಿವಿಯ ವೈದ್ಯ ಕಲಿತು ಡಬ್ಲಿನ್ನಿಗೆ ಮರಳಿದರು.

ಆಗಿನ ಕಾಲದಲ್ಲಿ ಕಿವಿಗೆ ಸರಿಯಾದ ವೈದ್ಯವೇ ಇರಲಿಲ್ಲ ಅನ್ನಬಹುದು. ಏನೇನೋ ಎಣ್ಣೆ, ಏನೇನೋ ತೊಟ್ಟು ಔಷಧಿ ಮಾರುವವರೇ ಜಾಸ್ತಿ. ಬಡವರಂತೂ ಎಲ್ಲಿಗೆ ಹೋಗಬೇಕು? ವಿಲಿಯಂ ಮೊದಲು ಒಂದು ಹಳೆಯ ಕುದುರೆ ಲಾಯದಲ್ಲಿ ಚಿಕಿತ್ಸೆ ಕೊಡಲು ಶುರುಮಾಡಿದರು. 1844ರಲ್ಲಿ ಅದು ಕಣ್ಣು ಕಿವಿಗಳಿಗೆಂದೇ ಇರುವ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಯಿತು.

ಅವರ ವಿಶೇಷ ಏನಪ್ಪಾ ಅಂದ್ರೆ, ಔಷಧಿ ಕೊಡುವ ಮುಂಚೆ ಅವರು ನೋಡುತ್ತಿದ್ದರು. ಕರೆಂಟ್ ದೀಪ ಇಲ್ಲದ ಕಾಲ ಅದು. ರೋಗಿಯನ್ನು ಬೆಳಕಿಗೆ ಕೂರಿಸಿ, ಕಿವಿಗೆ ಪುಟ್ಟ ಆಲಿಕೆಯಂಥ ಕೊಳವೆ ಇಟ್ಟು, ಸೂರ್ಯನ ಬೆಳಕಿನಲ್ಲಿ ತಮಟೆಯನ್ನು ಪರೀಕ್ಷಿಸುತ್ತಿದ್ದರು. ಕಂಡದ್ದನ್ನೆಲ್ಲ ಬರೆದಿಡುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಲಾಗ್ ನೋಡದೆ ದೋಷ ಹುಡುಕಬಾರದು ಅಂತೀವಲ್ಲ, ಹಾಗೆ. ಆರೋಗ್ಯವಂತ ತಮಟೆಯ ಮೇಲೆ ಬೆಳಕು ಬಿಟ್ಟರೆ ತ್ರಿಕೋನದಂಥ ಒಂದು ಹೊಳಪು ಕಾಣುತ್ತೆ. ನಿಮ್ಮ ಜಿಪಿ ಕಿವಿಯೊಳಗೆ ಲೈಟು ಬಿಟ್ಟು ನೋಡ್ತಾರಲ್ಲ, ಅವರು ಗಮನಿಸುವ ಸಂಗತಿಗಳಲ್ಲಿ ಅದೂ ಒಂದು. ಆ ಹೊಳಪಿನ ಜೊತೆ ವೈಲ್ಡ್ ಅವರ ಹೆಸರು ಸೇರಿಕೊಂಡಿದೆ.

1853ರಲ್ಲಿ ಅವರು ಕಿವಿಯ ರೋಗಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಕಿವಿ ಸೋರುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು ಅನ್ನುವುದು ಆ ಪುಸ್ತಕದ ಒಂದು ಮುಖ್ಯ ಎಚ್ಚರಿಕೆ. ಕಿವಿಯ ಹಿಂದಿನ ಮೂಳೆಯಲ್ಲಿ ಕೀವು ತುಂಬಿ ಪ್ರಾಣಕ್ಕೇ ಬಂದಾಗ, ಕಿವಿಯ ಹಿಂದೆ ಕೊಯ್ದು ಕೀವು ಹೊರತೆಗೆಯುವ ವಿಧಾನವನ್ನೂ ಅವರು ವಿವರಿಸಿದರು. ಅದಕ್ಕೆ ವೈಲ್ಡ್ ಕೊಯ್ತ ಅಂತಲೇ ಹೆಸರು.

ಇಷ್ಟೇ ಅಲ್ಲ. 1851ರ ಐರ್ಲೆಂಡ್ ಜನಗಣತಿಯಲ್ಲಿ ಕಿವುಡರು, ಕುರುಡರು, ರೋಗಿಗಳು ಎಷ್ಟು ಜನ ಅಂತ ಲೆಕ್ಕ ಹಾಕುವ ಕೆಲಸದಲ್ಲಿ ಅವರ ಪಾತ್ರ ದೊಡ್ಡದು. 1864ರಲ್ಲಿ ಸರ್ ಪದವಿ ಬಂತು. ಹಳ್ಳಿಯ ಜನ ಹೇಳುವ ಕಥೆ, ನಂಬಿಕೆಗಳನ್ನೂ ಸಂಗ್ರಹಿಸಿದರು. 1876ರಲ್ಲಿ ತೀರಿಕೊಂಡರು. ಆಗ ಆಸ್ಕರ್‌ಗೆ 21 ವರ್ಷ.

ಮುಂದಿನದು ಕೇಳಿದರೆ ಬೇಜಾರಾಗುತ್ತೆ. ಆ ಕಾಲದ ಅನ್ಯಾಯದ ಕಾನೂನಿನಿಂದಾಗಿ ಆಸ್ಕರ್ ಇಂಗ್ಲೆಂಡಿನಲ್ಲಿ ಜೈಲಿಗೆ ಹೋಗಬೇಕಾಯಿತು. ಅಲ್ಲಿದ್ದಾಗ, 1896ರಲ್ಲಿ, ಸರ್ಕಾರಕ್ಕೆ ಬರೆದ ಮನವಿಯಲ್ಲಿ ತಮ್ಮ ಬಲಗಿವಿಯ ತಮಟೆ ತೂತಾಗಿದೆ, ಕೇಳಿಸುತ್ತಿಲ್ಲ ಅಂತ ಹೇಳಿಕೊಂಡರು. ಬಿಡುಗಡೆಯಾದ ಮೇಲೂ ಕಿವಿ ಕಾಡುತ್ತಲೇ ಇತ್ತು. 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲೇ ಕಿವಿಗೆ ಆಪರೇಷನ್ ಆಯಿತು. ನವೆಂಬರ್ 30ರಂದು, 46ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕಿವಿಯ ಸೋಂಕು ಮಿದುಳಿನ ಪೊರೆಗೆ ಹರಡಿತ್ತು ಅನ್ನೋದು ಅನೇಕ ವೈದ್ಯರ ಅಭಿಪ್ರಾಯ. ಊರಿಗೆಲ್ಲ ಎಚ್ಚರಿಕೆ ಹೇಳಿದ ತಂದೆ, ಸ್ವಂತ ಮಗನಿಗೆ ಬೇಕಾದ ಹೊತ್ತಿಗೆ ಇರಲಿಲ್ಲ.

ವಿಲಿಯಂ ಕಾಲದಲ್ಲಿ ತೂತಾದ ತಮಟೆಯನ್ನು ಸರಿಮಾಡಲು ಬರುತ್ತಿರಲಿಲ್ಲ. ಲಂಡನ್ನಿನಲ್ಲಿ ಒಬ್ಬ ಡಾಕ್ಟರು ಒದ್ದೆ ಹತ್ತಿಯ ಉಂಡೆಯಿಂದ, ಇನ್ನೊಬ್ಬರು ರಬ್ಬರಿನ ಬಿಲ್ಲೆಯಿಂದ ತೂತು ಮುಚ್ಚಿ ನೋಡಿದರು. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡುವ ಆಪರೇಷನ್ ಅನ್ನು ಬೆಳೆಸಿದರು. ಈಗ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ಚೂರು ಪೊರೆ ತೆಗೆದು, ತೂತಿಗೆ ತೇಪೆ ಹಾಕ್ತಾರೆ. ಅದರ ಆಸರೆಯಲ್ಲಿ ತಮಟೆ ಮತ್ತೆ ಬೆಳೆದು ಕೂಡಿಕೊಳ್ಳುತ್ತೆ. ಇದಕ್ಕಾಗಿ ಎಷ್ಟೋ ಸಲ ಕೊಯ್ಯುವುದು ಕಿವಿಯ ಹಿಂದೆ, ವೈಲ್ಡ್ ಅವರ ಹೆಸರಿರುವ ಜಾಗದಲ್ಲೇ!

ಅವರ ಸೇಂಟ್ ಮಾರ್ಕ್ಸ್ 1897ರಲ್ಲಿ ಇನ್ನೊಂದು ಆಸ್ಪತ್ರೆಯ ಜೊತೆ ಸೇರಿ, ಇಂದು ಅಡಿಲೇಡ್ ರೋಡಿನಲ್ಲಿರುವ ರಾಯಲ್ ವಿಕ್ಟೋರಿಯಾ ಕಣ್ಣು ಕಿವಿ ಆಸ್ಪತ್ರೆಯಾಗಿದೆ.

ಈಗ ನಿಮಗೆ ಎರಡು ಮಾತು. ಕಿವಿಗೆ ಬಡ್ಸ್, ಪಿನ್ನು, ಪೆನ್ಸಿಲ್ ಹಾಕಬೇಡಿ. ಕಿವಿ ನೋವು ಬಂದರೆ, ಸೋರಿದರೆ, ಟೀಚರ್ ಹೇಳಿದ್ದು ಸರಿಯಾಗಿ ಕೇಳಿಸದಿದ್ದರೆ ಅವತ್ತೇ ಅಪ್ಪ ಅಮ್ಮನಿಗೆ ಹೇಳಿ. ಅಪ್ಪ ಅಮ್ಮಂದಿರೇ, ಸೋರುವ ಕಿವಿಗೆ ಅಜ್ಜಿ ಕಾಲದ ಬೆಳ್ಳುಳ್ಳಿ ಎಣ್ಣೆ ಬೇಡ, ನೀರೂ ಹೋಗದಿರಲಿ. ಸಣ್ಣ ತೂತು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತೆ. ಆದರೆ ಮುಚ್ಚಿದೆಯಾ ಇಲ್ವಾ ಅಂತ ಡಾಕ್ಟರೇ ಒಳಗೆ ನೋಡಿ ಹೇಳಬೇಕು.