ದೀಪದಷ್ಟೇ ಅಲ್ಲ, ಸೂಲಗಿತ್ತಿಯರ ಬೆನ್ನಿಗೂ ನಿಂತ ಫ್ಲಾರೆನ್ಸ್ ನೈಟಿಂಗೇಲ್

ಐಮಂಗಲ: ಕೋರ್ಸ್ ಮುಗಿಸಿ ಮೊದಲ ಸಲ ಹಳ್ಳಿ ಉಪಕೇಂದ್ರಕ್ಕೆ ಬರುವ ನರ್ಸಮ್ಮನನ್ನು ನಮ್ಮ ಹಿರಿಯೂರು ತಾಲ್ಲೂಕಿನ ಜನ ನೋಡಿಯೇ ಇರುತ್ತಾರೆ. ಓದಿದ್ದೆಲ್ಲ ತಲೆಯಲ್ಲಿದೆ. ಆದರೆ ನೋವು ಶುರುವಾದ ಮನೆಯಲ್ಲಿ ಹತ್ತು ಜನ ಹತ್ತು ಮಾತಾಡುವಾಗ ಕೈ ನಡುಗದೆ ನಿಲ್ಲೋದು ಬೇರೆಯದೇ ವಿದ್ಯೆ. ಆ ಹೊತ್ತಲ್ಲಿ ಅವಳ ಜೊತೆ ಯಾರಿರಬೇಕು ಎಂದು 160 ವರ್ಷಗಳ ಹಿಂದೆಯೇ ತಲೆ ಕೆಡಿಸಿಕೊಂಡವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಮಹಿಳೆ ಅಂತ ಶಾಲೆಯಲ್ಲಿ ಓದಿದ್ದೇವೆ; ಸೂಲಗಿತ್ತಿಯರಿಗಾಗಿ ಅವರು ಮಾಡಿದ ಕೆಲಸ ಅಷ್ಟಾಗಿ ಗೊತ್ತಿಲ್ಲ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಶ್ರೀಮಂತರ ಮನೆ ಮಗಳು. ಆಗ ನರ್ಸ್ ಕೆಲಸ ಅಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದರು. ಮನೆಯವರು ಒಪ್ಪಲಿಲ್ಲ, ಇವರು ಬಿಡಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕಲಿತರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿಗೆ ಹೋದರು. ಆ ಹೆಸರಿನ ಮೇಲೆ ಜನ ಕೊಟ್ಟ ದೇಣಿಗೆಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು.

ಹಳ್ಳಿಗೆ ಸೂಲಗಿತ್ತಿ

ಅದೇ ಹಣದ ನೆರವಿನಿಂದ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡೊಂದು ತೆರೆಯಿತು. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಆರು ತಿಂಗಳು ಕಲಿತು, ವಾಪಸ್ ತಮ್ಮ ಕಡೆಯ ಬಡವರಿಗೆ ಹೆರಿಗೆ ಮಾಡಿಸಬೇಕು, ಇದು ಲೆಕ್ಕಾಚಾರ. ಆದರೆ ಬಾಣಂತಿ ಜ್ವರ ವಾರ್ಡಿಗೆ ಹೊಕ್ಕಿತು. ತಾಯಂದಿರು ಸತ್ತರು. 1867ರಲ್ಲಿ ವಾರ್ಡ್ ಮುಚ್ಚಿತು.

ನೈಟಿಂಗೇಲ್ ಇದನ್ನು ಹಣೆಬರಹ ಅಂತ ಬಿಡಲಿಲ್ಲ. ಊರೂರಿನ ಸಾವಿನ ಲೆಕ್ಕ ತರಿಸಿಕೊಂಡು ಕೂತರು. 1871ರಲ್ಲಿ ಹೆರಿಗೆ ಆಸ್ಪತ್ರೆಗಳ ಬಗ್ಗೆ ಪುಸ್ತಕ ಬರೆದರು. ಇಂಗ್ಲೆಂಡಿನಲ್ಲಿ ಒಟ್ಟಾರೆ ಸಾವಿರ ಹೆರಿಗೆಗೆ ಸುಮಾರು 5 ತಾಯಂದಿರು ಸಾಯುತ್ತಿದ್ದರೆ, ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಾವು. ರೋಗಿಯಿಂದ ರೋಗಿಗೆ ಸೋಂಕು ಹೊತ್ತೊಯ್ಯುವ ಕೈಗಳು, ಕಿಕ್ಕಿರಿದ ವಾರ್ಡುಗಳು ಇದರ ಮೂಲ. (ಕೈ ತೊಳೆಯುವ ಶಿಸ್ತು, ಔಷಧಿ, ರಕ್ತ ಎಲ್ಲ ಇರುವ ಇಂದಿನ ಮಾತು ಬೇರೆ, ಈಗ ಆಸ್ಪತ್ರೆ ಹೆರಿಗೆಯೇ ಕ್ಷೇಮ.) ಆರು ತಿಂಗಳ ಕಲಿಕೆ ಪೂರ್ಣ ಸೂಲಗಿತ್ತಿಗೆ ಸಾಲದು, ಎರಡು ವರ್ಷವಾದರೂ ಬೇಕು ಅಂತಲೂ ಅದರಲ್ಲಿ ಹೇಳಿದರು. ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ ಗೊತ್ತೆ? ತತ್ವಜ್ಞಾನಿ ಸಾಕ್ರಟಿಸ್‌ನ ತಾಯಿಗೆ. ಆಕೆಯೂ ಸೂಲಗಿತ್ತಿ.

ಪಾಸಾದ ಮೇಲೂ ಕೈಬಿಡಲಿಲ್ಲ

ಅವರ ನರ್ಸಿಂಗ್ ಶಾಲೆಯಲ್ಲಿ ಒಂದು ವರ್ಷದ ಕಲಿಕೆ ಮುಗಿದ ಕೂಡಲೇ ಸಂಬಂಧ ಮುಗಿಯುತ್ತಿರಲಿಲ್ಲ. ಶಾಲೆಯೇ ಕೆಲಸದ ಜಾಗ ಗೊತ್ತು ಮಾಡುತ್ತಿತ್ತು. ಹೊಸಬರನ್ನು ಒಂಟಿಯಾಗಿ ದೂಡದೆ, ಅನುಭವಿ ಮೇಲ್ವಿಚಾರಕಿಯ ಕೈಕೆಳಗೆ ಗುಂಪಾಗಿ ಕಳಿಸೋದು ನೈಟಿಂಗೇಲರ ಪದ್ಧತಿ. 1865ರಲ್ಲಿ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ ಆಗ್ನೆಸ್ ಜೋನ್ಸ್ ಜೊತೆ 12 ನರ್ಸ್‌ಗಳು ಹೋದರು. ಆಗ್ನೆಸ್ 1868ರಲ್ಲಿ ಅಲ್ಲೇ ಟೈಫಸ್ ಜ್ವರಕ್ಕೆ ಬಲಿಯಾದರು. ಅದೇ ವರ್ಷ ಲೂಸಿ ಆಸ್ಬರ್ನ್ ಐದು ಮಂದಿಯೊಂದಿಗೆ ಆಸ್ಟ್ರೇಲಿಯಾದ ಸಿಡ್ನಿ ತಲುಪಿದರು.

ಸ್ವತಃ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ನೈಟಿಂಗೇಲ್, ಕಲಿಯುವ ಹುಡುಗಿಯರನ್ನು ಮನೆಗೆ ಚಹಾಕ್ಕೆ ಕರೆದು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದರು. ದೂರದಲ್ಲಿರುವವರಿಗೆ ಕಾಗದ ಬರೆಯುತ್ತಿದ್ದರು. 1872ರಿಂದ 1900ರವರೆಗೆ ಇಡೀ ನರ್ಸ್ ಬಳಗಕ್ಕೆ ಆಗಾಗ ಬಹಿರಂಗ ಪತ್ರ ಬರೆದರು. ಕಲಿಕೆ ಸರ್ಟಿಫಿಕೇಟಿಗೆ ನಿಲ್ಲಬಾರದು ಅನ್ನೋದು ಅವುಗಳ ಸಾರ. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಕೈಕೆಲಸ ಕಲಿತರು, 2018ರಲ್ಲಿ ಪದ್ಮಶ್ರೀ ಪಡೆದರು. ಲಂಡನ್ನಾಗಲಿ ಪಾವಗಡವಾಗಲಿ, ಹೊಸ ಕೈಗೆ ಹಳೇ ಕೈಯ ಆಸರೆ ಬೇಕೇ ಬೇಕು.

ಐಮಂಗಲ ಹೋಬಳಿಯ ಯಾವ ಹಳ್ಳಿಗೇ ಹೊಸ ಸಿಸ್ಟರ್ ಬರಲಿ, ಅವರಿಗೆ ಹಿರಿಯ ಸಿಸ್ಟರ್ ಫೋನಿಗೆ ಸಿಗಬೇಕು, ಆಶಾ ಕಾರ್ಯಕರ್ತೆ ಜೊತೆಗಿರಬೇಕು. ಊರಿನವರ ಪಾಲಿನ ಕೆಲಸವೂ ಇದೆ: ಇರೋಕೆ ಒಂದು ಒಳ್ಳೆ ಬಾಡಿಗೆ ಮನೆ ತೋರಿಸೋದು, 108ಕ್ಕೆ ಫೋನ್ ಮಾಡಿ ಅಂದಾಗ ಎದುರು ವಾದಿಸದೆ ಮಾಡೋದು. ವಯಸ್ಸು ಚಿಕ್ಕದು ಅಂತ ಮಾತು ತೆಗೆದುಹಾಕಿದರೆ ನಷ್ಟ ಬಾಣಂತಿಗೆ.