ಶ್ರುತೋದ್ಧಾರಕ ಶ್ರೀ ಪುಷ್ಪದಂತಾಚಾರ್ಯರು

ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪೂಜೆಯಲ್ಲಿ ದಿಗಂಬರ ಸಮಾಜವು ಭಕ್ತಿಯಿಂದ ಸ್ಮರಿಸುವ ಮುನಿದ್ವಯರಲ್ಲಿ ಶ್ರೀ ಪುಷ್ಪದಂತಾಚಾರ್ಯರು ಒಬ್ಬರು. ಇನ್ನೊಬ್ಬರು ಭೂತಬಲಿ ಆಚಾರ್ಯರು. ಇವರು ಕ್ರಿಸ್ತಶಕದ ಆದಿಭಾಗದವರು. ಇವರ ಪೂರ್ವಾಶ್ರಮದ ಕುಲಗೋತ್ರಗಳಿಗಿಂತ ಇವರ ಅಧ್ಯಯನವು ಮುಗಿದ ದಿನವನ್ನೇ ಪರಂಪರೆಯು ಜೋಪಾನವಾಗಿ ನೆನಪಿಟ್ಟಿದೆ.

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಆಗಮಜ್ಞಾನವು ಅಳಿದುಹೋದೀತೆಂದು ಅಂಜಿ, ದಕ್ಷಿಣಾಪಥದ ಆಚಾರ್ಯರಿಗೆ ಪತ್ರವನ್ನು ಕಳುಹಿದರು. ಅದರಂತೆ ಆಂಧ್ರದೇಶದಿಂದ ಇಬ್ಬರು ಮುನಿಗಳು ಬಂದರು. ಗುರುಗಳು ಇಬ್ಬರಿಗೂ ಒಂದೊಂದು ಮಂತ್ರವನ್ನಿತ್ತರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಸಾಧನೆಯಲ್ಲಿ ವಿಕೃತರೂಪದ ದೇವತೆಗಳು ಕಾಣಿಸಲು, ಮುನಿಗಳು ತಾವೇ ಮಂತ್ರದ ದೋಷವನ್ನರಿತು ತಿದ್ದಿಕೊಂಡರು. ಪರೀಕ್ಷೆಯಲ್ಲಿ ಗೆದ್ದವರಿಗೆ ಪಾಠವು ಆರಂಭವಾಯಿತು.

ಆಷಾಢ ಶುಕ್ಲ ಏಕಾದಶಿಯ ಪೂರ್ವಾಹ್ನದಲ್ಲಿ ಪಾಠವು ಸಮಾಪ್ತವಾಯಿತು. ದೇವತೆಗಳು ಬಂದು ಪೂಜಿಸಿದರೆಂದೂ, ಒಬ್ಬರ ವಕ್ರದಂತಗಳನ್ನು ಸರಿಪಡಿಸಿದ್ದರಿಂದ ಅವರಿಗೆ ಪುಷ್ಪದಂತರೆಂಬ ಹೆಸರಾಯಿತೆಂದೂ ವೀರಸೇನಾಚಾರ್ಯರ ಧವಲಾ ಟೀಕೆಯು ತಿಳಿಸುತ್ತದೆ. ಇಂತಹ ದಿನ ಶಿಷ್ಯರು ಗುರುಸನ್ನಿಧಿಯಲ್ಲಿ ನಾಲ್ಕು ದಿನ ನಿಶ್ಚಿಂತೆಯಿಂದಿರಲು ಬಯಸುವುದು ಸಹಜ. ಆದರೆ ಧರಸೇನರು ಅಂದೇ ಅವರನ್ನು ಬೀಳ್ಕೊಟ್ಟರು! ತಮ್ಮ ಮರಣವು ಸಮೀಪಿಸಿದುದನ್ನರಿತು, ಅದನ್ನು ಕಂಡು ಶಿಷ್ಯರು ಕ್ಲೇಶಪಡಬಾರದೆಂದು ಹೀಗೆ ಮಾಡಿದರೆಂಬುದು ಇಂದ್ರನಂದಿಗಳ ಶ್ರುತಾವತಾರದ ವಿವರಣೆ. ಮೇಲ್ನೋಟಕ್ಕೆ ಕಾಠಿಣ್ಯವೆಂದು ತೋರುವುದು ವಾಸ್ತವವಾಗಿ ವಾತ್ಸಲ್ಯವೇ ಆಗಿತ್ತು. ಶಿಷ್ಯರು ಎದುರಾಡದೆ ಹೊರಟು ಅಂಕುಲೇಶ್ವರದಲ್ಲಿ ವರ್ಷಾಕಾಲವನ್ನು ಕಳೆದರು.

ಆ ಮಳೆಗಾಲವನ್ನು ಧವಲೆಯು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಮುನಿಗಳಿಗೆ ಚಾತುರ್ಮಾಸವು ವಿಹಾರವಿಲ್ಲದ ಕಾಲ. ಕಾಲಿಗೆ ವಿಶ್ರಾಂತಿ, ಮನಸ್ಸಿಗಲ್ಲ. ಗುರುವಿನ ಕಣ್ಣಳತೆಯಿಂದ ದೂರವಾದ ಆ ಸ್ವಾತಂತ್ರ್ಯದಲ್ಲಿ, ಕೇಳಿದುದೆಲ್ಲವೂ ಇಬ್ಬರ ನೆನಪಿನಲ್ಲಿ ಮಾತ್ರ ಇತ್ತು.

ಮಳೆಗಾಲ ಕಳೆದ ಬಳಿಕ ಭೂತಬಲಿಗಳು ದ್ರಾವಿಡದೇಶಕ್ಕೂ, ಪುಷ್ಪದಂತರು ಜಿನಪಾಲಿತರೊಡನೆ ನಮ್ಮ ಬನವಾಸಿಯ ಸೀಮೆಗೂ ನಡೆದರು. ಇಲ್ಲಿ ಜಿನಪಾಲಿತರಿಗೆ ದೀಕ್ಷೆಯನ್ನಿತ್ತು, ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಅವರಿಗೆ ಕಲಿಸಿ, ಭೂತಬಲಿಗಳ ಬಳಿಗೆ ಕಳುಹಿದರು. ಸಹಪಾಠಿಯ ಆಯುಷ್ಯವು ಅಲ್ಪವೆಂದು ಅದರಿಂದಲೇ ಅರಿತ ಭೂತಬಲಿಗಳು ಷಟ್ಖಂಡಾಗಮದ ಮುಂದಿನ ಭಾಗವನ್ನು ತಾವು ಪೂರ್ಣಗೊಳಿಸಿದರು.

ಧವಲಾ ಟೀಕೆಯ ತಾಳೆಯೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಭದ್ರವಾಗಿದ್ದವು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅದರ ಪ್ರಥಮ ಸಂಪುಟವು ಅಚ್ಚಾಗಿ ಬಂದಿತು. ಅದರಲ್ಲಿದ್ದುದು ಪುಷ್ಪದಂತರ ಈ ಸೂತ್ರಗಳೇ.